ತಾಮ್ರ ಹೋದ ಬೇಸಿಗೆ

ಬೊಮ್ಮಯ್ಯ ಪಟಗಾರ ಸೈನ್ಯದಲ್ಲಿದ್ದ ಹದಿನೇಳು ವರ್ಷವೂ ಬಂದೂಕಿಗಿಂತ ಹೆಚ್ಚಾಗಿ ಹಿಡಿದದ್ದು ಸ್ಪ್ಯಾನರು. ಸುಟ್ಟುಹೋದ ಜನರೇಟರು, ಡೈನಮೊ, ಮೋಟರುಗಳನ್ನು ಬಿಚ್ಚಿ, ಹಳೆಯ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ ಮತ್ತೆ ತಿರುಗುವಂತೆ ಮಾಡುವುದು ಅವನ ಕೆಲಸವಾಗಿತ್ತು. 1997ರಲ್ಲಿ ಹವಾಲ್ದಾರನಾಗಿ ನಿವೃತ್ತಿ ಪಡೆದು ಬಂದವನು, ಕುಮಟೆಯಿಂದ ಶಿರಸಿಗೆ ಹೋಗುವ ರಸ್ತೆಯ ಕತಗಾಲದಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕ ಒಂದು ಕೋಣೆ ಬಾಡಿಗೆಗೆ ಹಿಡಿದು ಅದೇ ಕೆಲಸ ಶುರುಮಾಡಿದ. ಹಸಿರು ಹಲಗೆಯ ಮೇಲೆ ‘ಜವಾನ್ ಮೋಟರ್ ವೈಂಡಿಂಗ್’ ಎಂದು ತಾನೇ ಬರೆದು ತೂಗುಹಾಕಿದ. ಊರವರು ಹಲಗೆ ಓದುವ ಗೋಜಿಗೆ ಹೋಗದೆ ಮಿಲ್ಟ್ರಿ ಬೊಮ್ಮಯ್ಯನ ಅಂಗಡಿ ಎಂದರು.

ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದಿರುವುದು ಅವನ ಗುಣ. ಹೆಂಡತಿ ಕಮಲಿ ಬಂಗಡೆ ಮೀನು ಆರಿಸಿ ಪಾತ್ರೆಗೆ ಹಾಕಿಕೊಂಡ ಮೇಲೂ ಇವನು ಬಂದು ಒಂದೊಂದರ ಕಿವಿರು ಎತ್ತಿ ನೋಡುತ್ತಿದ್ದ. ಕರೆಂಟು ಹೋಗಿದೆ ಎಂದು ಮನೆಯವರೆಲ್ಲ ಹೇಳಿದರೂ ಟೆಸ್ಟರ್ ಹಚ್ಚದೆ ಮೋಟರು ಮುಟ್ಟುತ್ತಿರಲಿಲ್ಲ. ತಾನು ಸುತ್ತಿದ ಪ್ರತಿ ಮೋಟರಿನೊಳಗೂ ನಂಬರು, ತಾರೀಕು ಬರೆದ ಒಂದು ಚೂರು ಕಾಗದವನ್ನು ತಂತಿಯ ಸುರುಳಿಯ ಅಡಿಗೆ ಸೇರಿಸಿ, ದಾರ ಬಿಗಿದು, ಮೇಲೆ ವಾರ್ನಿಶ್ ಹಚ್ಚುತ್ತಿದ್ದ. ನಾಳೆ ಯಾರಾದರೂ ಬಂದು ಇದು ನೀನೇ ಸುತ್ತಿದ್ದು, ತಿಂಗಳೂ ಬಾಳಲಿಲ್ಲ ಎಂದು ಸುಳ್ಳು ಹೇಳಿದರೆ ಬಿಚ್ಚಿ ತೋರಿಸಬೇಕಲ್ಲ.

ಕಾರ್ಗಿಲ್ ಯುದ್ಧ ನಡೆದ ವರ್ಷ ಅವನ ಅಂಗಡಿಯ ಬೆಂಚು ಖಾಲಿ ಇರುತ್ತಲೇ ಇರಲಿಲ್ಲ. ರೇಡಿಯೊ ವಾರ್ತೆ ಮುಗಿದ ಕೂಡಲೇ ಜನ ಅವನ ಮುಖ ನೋಡುತ್ತಿದ್ದರು. ಆ ಆಗಸ್ಟಿನಲ್ಲಿ ಶಾಲೆಯವರು ಅವನ ಕೈಯಿಂದಲೇ ಬಾವುಟ ಹಾರಿಸಿದರು. ದೊಡ್ಡ ತೋಟದ ಶ್ರೀರಾಮ ಹೆಗಡೆಯವರು ತಾವು ಕೂತಿದ್ದ ಕುರ್ಚಿಯಿಂದ ಎದ್ದು, “ಕೂತ್ಕ ಬೊಮ್ಮಯ್ಯ” ಎಂದಿದ್ದರು. ಅವನ ಅಪ್ಪ ಅದೇ ಹೆಗಡೆಯವರ ಅಂಗಳದಲ್ಲಿ ನಿಂತೇ ಮಾತಾಡಿದವನು.

2003ರ ಬೇಸಿಗೆಯಲ್ಲಿ ಎಲ್ಲ ಕೆಟ್ಟಿತು. ಜನವರಿ ಕೊನೆಗೆ ಹೆಗಡೆಯವರ ಹೊಳೆದಂಡೆಯ ಪಂಪಿನ ಮೋಟರನ್ನು ಯಾರೋ ಬಿಚ್ಚಿ, ಒಳಗಿನ ತಾಮ್ರವನ್ನೆಲ್ಲ ಕತ್ತರಿಸಿ ಒಯ್ದು, ಕಬ್ಬಿಣದ ಕವಚವನ್ನು ಅಲ್ಲೇ ಬಿಟ್ಟುಹೋದರು. ಬೊಮ್ಮಯ್ಯ ಹೊಸ ತಂತಿ ಸುತ್ತಿ ಕೂರಿಸಿದ. ಹದಿನೈದು ದಿನಕ್ಕೆ ಇನ್ನಿಬ್ಬರ ತೋಟದಲ್ಲಿ ಅದೇ ಕಥೆ. ಮಾರ್ಚಿನಲ್ಲಿ ಹೆಗಡೆಯವರದ್ದು ಮತ್ತೆ ಹೋಯಿತು. ಹೋದವೆಲ್ಲ ಅವನೇ ಸುತ್ತಿದ ಮೋಟರುಗಳು. ಕವಚ ಬಿಚ್ಚಿದ ರೀತಿ ನೋಡಿದರೆ ಕೆಲಸ ಬಲ್ಲವರ ಕೈಯೆಂದು ಯಾರಿಗೂ ತಿಳಿಯುತ್ತಿತ್ತು. ಒಂದು ಬೋಲ್ಟಿನ ಮೂಲೆಯೂ ಸವೆದಿರಲಿಲ್ಲ.

ಎರಡನೆಯ ಸಲ ಹೆಗಡೆಯವರ ಮನೆಗೆ ಹೋದಾಗ ಜಗಲಿಯಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಹೆಗಡೆಯವರ ಹೆಂಡತಿ ಮಹಾಲಕ್ಷ್ಮಿಯ ದನಿ ಕೇಳಿಸಿತು.

“ಅಂವ ಬಂದು ಹೋದ ಮೇಲೇ ಅಲ್ದ ಎರಡು ಸಲವೂ ಹೋದದ್ದು? ಕಳುವಾದ್ರೆ ಅವಂಗೇ ಕೆಲ್ಸ. ಎಂಗಂತೂ ನಂಬಿಕೆ ಇಲ್ಲೆ.”

“ಮಿಲ್ಟ್ರಿಲಿ ಇದ್ದಂವ, ಹಾಂಗೆಲ್ಲ ಮಾಡ್ತ್ನಿಲ್ಲೆ” ಎಂದರು ಹೆಗಡೆಯವರು. ಆದರೆ ಆ ದನಿಯಲ್ಲಿ ಜೋರಿರಲಿಲ್ಲ.

ಬೊಮ್ಮಯ್ಯ ಕೆಮ್ಮಿದ. ಹೆಗಡೆಯವರು ಹೊರಗೆ ಬಂದರು, ಯಾವತ್ತಿನಂತೆ ಬೆಲ್ಲ ನೀರು ಬೇಕೇ ಎಂದು ಕೇಳಿದರು. ಅವನು ಮೋಟರು ಕೂರಿಸಿ ಮುಗಿಸುವವರೆಗೂ ಪಂಪಿನ ಗುಡಿಸಲ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಹಿಂದೆಂದೂ ಹಾಗೆ ನಿಂತವರಲ್ಲ.

ಅಂಗಡಿಯ ಬೆಂಚು ಖಾಲಿಯಾಯಿತು. ಪೊಲೀಸರು ಒಮ್ಮೆ ಬಂದು, ಮೂಲೆಯಲ್ಲಿದ್ದ ಹಳೆಯ ತಂತಿಯ ಗಂಟನ್ನು ಕೋಲಿನಿಂದ ಕೆದಕಿ, ಹೆಸರು ಬರೆದುಕೊಂಡು ಹೋದರು. ಬೊಮ್ಮಯ್ಯನಿಗೆ ನಿದ್ದೆ ಕಡಿಮೆಯಾಯಿತು. ಯಾರಿರಬಹುದು? ದಾರಿಯಲ್ಲಿ ಹೋಗುವ ಪ್ರತಿಯೊಬ್ಬರ ಕೈಚೀಲದ ಮೇಲೂ ಅವನ ಕಣ್ಣು ಹೋಗತೊಡಗಿತು.

ಕುಮಟೆಯಲ್ಲಿ ಪಂಪುಗಳ ಅಂಗಡಿ ಇಟ್ಟಿದ್ದ ವಿಶ್ವನಾಥ ಒಬ್ಬ ಮಾತ್ರ ಮೊದಲಿನಂತೆಯೇ ಮಾತಾಡಿಸುತ್ತಿದ್ದ. ಬೊಮ್ಮಯ್ಯ ತಂತಿ, ವಾರ್ನಿಶ್ ಕೊಳ್ಳುತ್ತಿದ್ದುದು ಅವನಲ್ಲೇ. ಒಂದು ದಿನ ವಿಶ್ವನಾಥ ಗಿರಾಕಿಗಳು ಹೋಗುವವರೆಗೆ ಕಾದು, ಬಲಗೈಯ ಉಂಗುರಗಳನ್ನು ತಿರುವುತ್ತ, ದನಿ ತಗ್ಗಿಸಿ ಹೇಳಿದ:

“ನಾ ಹೇಳ್ದೆ ಅನ್ಬೇಡಿ. ನಿಮ್ಮ ಭಾವಮೈದನ ಮೇಲೆ ಒಂದು ಕಣ್ಣಿಡಿ. ಲಗೇಜ್ ರಿಕ್ಷಾ ಹೊಡೀತ, ವಾರಕ್ಕೆರಡು ಸಲ ಹೊನ್ನಾವರ, ಭಟ್ಕಳ ಅಂತ ಹೋತ. ಮೊನ್ನೆ ಕೈಯಲ್ಲಿ ಮೊಬೈಲ್ ಕಂಡೆ.”

ಕಮಲಿಯ ತಮ್ಮ ಈರ ಇವರ ಮನೆಯಲ್ಲೇ ಇದ್ದವನು. ಮೂವತ್ತರ ಗಂಡಸು, ಮಾತು ಕಡಿಮೆ. ಭಾರದ ಮೋಟರು ಎತ್ತಲು ಬೊಮ್ಮಯ್ಯ ಅವನನ್ನೇ ಕರೆದೊಯ್ಯುತ್ತಿದ್ದ. ಯಾವ ತೋಟದಲ್ಲಿ ಯಾವ ಪಂಪು ಎಲ್ಲಿದೆ ಎಂಬುದು ಅವನಿಗೆ ಬಾಯಿಪಾಠ. ಬೋಲ್ಟು ಬಿಚ್ಚುವುದನ್ನು ಕಲಿಸಿದವನೂ ಬೊಮ್ಮಯ್ಯನೇ. ಕುಮಟೆಯಿಂದ ಬಸ್ಸಿನಲ್ಲಿ ವಾಪಸು ಬರುವಷ್ಟರಲ್ಲಿ ಅವನ ತಲೆಯಲ್ಲಿ ಒಂದಕ್ಕೊಂದು ಕೂಡಿ ಕೂತುಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಈರ ಬಚ್ಚಲಿಗೆ ಹೋದ ಹೊತ್ತು ನೋಡಿ ಬೊಮ್ಮಯ್ಯ ಅಂಗಳದ ರಿಕ್ಷಾದೊಳಗೆ ತಡಕಾಡಿದ. ಸೀಟಿನ ಅಡಿಯ ಗೋಣಿಚೀಲ ಬಿಚ್ಚಿ ನೆಲಕ್ಕೆ ಸುರಿದ. ಹಗ್ಗ, ಜಾಕು, ಹಳೆ ಟ್ಯೂಬು, ಒಂದು ಕಟ್ಟು ಬೀಡಿ. ಒಂದು ಗೇಣು ತಾಮ್ರದ ತಂತಿಯೂ ಸಿಕ್ಕಿತು. ಅದನ್ನು ಹಿಡಿದು ಎದ್ದಾಗ ಈರ ಒದ್ದೆ ಮೈಯಲ್ಲಿ ಎದುರಿಗೆ ನಿಂತಿದ್ದ.

“ಎಂತ ಹುಡುಕ್ತ್ರಿ ಭಾವ?”

“ಇದೆಲ್ಲಿಂದ ಬಂತು?”

“ನಿಮ್ಮ ಅಂಗಡಿದೇ. ಸೈಲೆನ್ಸರ್ ಕಟ್ಟೂಕೆ ಅಂತ ನೀವೇ ಕೊಟ್ಟದ್ದು.”

ಹೌದು, ಕೊಟ್ಟಿದ್ದ. ನೆನಪಾಯಿತು. ಆದರೂ ಅವನ ಬಾಯಿ ನಿಲ್ಲಲಿಲ್ಲ. “ಮತ್ತೆ ಭಟ್ಕಳಕ್ಕೆ ಎಂತ ಒಯ್ಯೂದು ನೀನು? ಮೊಬೈಲಿಗೆ ದುಡ್ಡು ಎಲ್ಲಿಂದ ಬಂತು?”

ಈರ ಬಗ್ಗಿ, ಚೆಲ್ಲಿದ್ದನ್ನೆಲ್ಲ ಒಂದೊಂದಾಗಿ ಹೆಕ್ಕಿ ಚೀಲಕ್ಕೆ ತುಂಬಿದ. ಒಳಗೆ ಹೋಗಿ ತನ್ನ ಎರಡು ಜೊತೆ ಬಟ್ಟೆ ತಂದು ಸೀಟಿನ ಮೇಲಿಟ್ಟ. ಕಮಲಿ ಒಲೆಯ ಮುಂದಿನಿಂದ ಎದ್ದು ಬರುವಷ್ಟರಲ್ಲಿ ರಿಕ್ಷಾ ರಸ್ತೆ ಮುಟ್ಟಿತ್ತು. ತದಡಿ ಬಂದರಿನಲ್ಲಿ ಐಸು ಸಾಗಿಸುವ ಕೆಲಸ ಹಿಡಿದನೆಂದು ಆಮೇಲೆ ತಿಳಿಯಿತು. ಕಮಲಿ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಗಂಡನಿಗೆ ಹೊತ್ತು ಹೊತ್ತಿಗೆ ಬಡಿಸಿದಳು, ಮಾತು ಮಾತ್ರ ಬಿಟ್ಟಳು.

ಎಂಟನೆಯ ದಿನ ಅವಳು ಬಾಯಿಬಿಟ್ಟದ್ದು ಇಷ್ಟಕ್ಕೆ: “ಅಂವ ಕದ್ದದ್ದೇ ಆದ್ರೆ ತೋರ್ಸಿ. ಇಲ್ದಿದ್ರೆ ಕರ್ಕೊಂಡು ಬನ್ನಿ.”

ಈರನ ಕಳವನ್ನು ಹಿಡಿದೇ ಬರುತ್ತೇನೆಂದು ಬೊಮ್ಮಯ್ಯ ಹೊರಟ. ಮೊದಲು ಹೊನ್ನಾವರದ ಗುಜರಿ ಅಂಗಡಿಗಳನ್ನು ಸುತ್ತಿದ. ಏನೂ ಸಿಗಲಿಲ್ಲ. ಎರಡನೆಯ ದಿನ ಭಟ್ಕಳಕ್ಕೆ ಹೋದ. ಪೇಟೆಯ ಹೊರಗೆ ತಗಡಿನ ಬೇಲಿ ಹಾಕಿದ ಒಂದು ಗುಜರಿಯಲ್ಲಿ ಬಿಳಿ ಗಡ್ಡದ ಸಾಹೇಬರೊಬ್ಬರು ತಕ್ಕಡಿಯ ಪಕ್ಕ ಕೂತಿದ್ದರು. ಇವನ ಕತ್ತರಿಸಿದ ಮೀಸೆ, ನೆಟ್ಟಗಿನ ಬೆನ್ನು ನೋಡಿ ಪೊಲೀಸನೆಂದೇ ಅಂದುಕೊಂಡರು. ಬೊಮ್ಮಯ್ಯ ತನ್ನ ಸೈನ್ಯದ ಹಿಂದಿಯಲ್ಲಿ ಮಾತು ತೆಗೆದು, ಜೇಬಿನಿಂದ ನಿವೃತ್ತ ಸೈನಿಕನ ಗುರುತುಚೀಟಿ ತೋರಿಸಿದ ಮೇಲೆ ಗೋಣಿ ಸರಿಸಿ ತಾಮ್ರ ತೋರಿಸಿದರು. ಹೆಚ್ಚಿನದ್ದು ಸುಟ್ಟು ಕೆಂಪಾಗಿತ್ತು. ಅಡಿಯಲ್ಲಿ ಒಂದು ಗೊಂಚಲಿಗೆ ಬೆಂಕಿ ಸರಿಯಾಗಿ ತಾಗಿರಲಿಲ್ಲ. ಅದರೊಳಗೆ ವಾರ್ನಿಶಿಗೆ ಅಂಟಿಕೊಂಡು ಅವನದೇ ಅಕ್ಷರದ ಕಾಗದದ ಚೂರಿತ್ತು. ಫೆಬ್ರವರಿ ಮೂರು, ಹೆಗಡೆಯವರ ಮೋಟರು.

“ಇದು ತಂದವರು ಯಾರು? ಲಗೇಜ್ ರಿಕ್ಷಾದವನಾ?”

“ಅಲ್ಲ. ಬಿಳಿ ಓಮ್ನಿ ವ್ಯಾನು. ಬಲಗೈಗೆ ಮೂರು ಉಂಗುರ. ಕುಮಟೆಯಲ್ಲಿ ಪಂಪಿನ ಅಂಗಡಿ ಇದೆ, ಹಳೇ ಮೋಟರ್ ಬದಲಿಗೆ ತಗೊಂಡದ್ದು ಅಂದ. ನಾನು ನಂಬಿದೆ.”

ಬೊಮ್ಮಯ್ಯ ಅಲ್ಲೇ ತಗಡಿನ ಡಬ್ಬಿಯ ಮೇಲೆ ಕೂತ. ವಿಶ್ವನಾಥ. ಈರನ ವಿಷಯದಲ್ಲಿ ಒಮ್ಮೆ ತಪ್ಪಿದ್ದ ಬೊಮ್ಮಯ್ಯನಿಗೆ ಈಗ ತನ್ನ ತಲೆಯನ್ನೇ ನಂಬುವ ಧೈರ್ಯವಿರಲಿಲ್ಲ. ಊರಿನಲ್ಲಿ ಯಾರಿಗೂ ಹೇಳದೆ, ಆ ಗೊಂಚಲನ್ನು ತೆಗೆದುಕೊಂಡು, ಸಾಹೇಬರನ್ನೂ ಕರೆದುಕೊಂಡು ಪೊಲೀಸರ ಬಳಿ ಹೋದ. “ನಂಗೆ ಅನುಮಾನ ಮಾತ್ರ. ನೀವೇ ನೋಡಿ ಹೇಳಿ” ಎಂದ.

ವಿಶ್ವನಾಥನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇನ್ನೂ ಎರಡು ಮೋಟರಿನ ತಾಮ್ರ ಸಿಕ್ಕಿತು. ಅವನ ಕೈಕೆಳಗಿನ ಮೆಕ್ಯಾನಿಕ್ ಎಲ್ಲವನ್ನೂ ಒಪ್ಪಿಕೊಂಡ. ತಾಮ್ರದ ಆಸೆ ಸಣ್ಣದು. ಎರಡೆರಡು ಸಲ ಕಳೆದುಕೊಂಡವರು ಬೇಸತ್ತು ನೀರೊಳಗೆ ಮುಳುಗಿಸಿಡುವ ಹೊಸ ಪಂಪು ತನ್ನ ಅಂಗಡಿಯಲ್ಲಿ ಕೊಳ್ಳಲಿ ಎಂಬುದೇ ವಿಶ್ವನಾಥನ ಲೆಕ್ಕಾಚಾರ. ಬೊಮ್ಮಯ್ಯನ ಮೇಲೆ ಮಾತು ಹಬ್ಬಿಸಿದ್ದೂ ಅವನೇ.

ಹೆಗಡೆಯವರು ಅಂಗಡಿಗೇ ಬಂದರು. “ತಪ್ಪು ತಿಳ್ಕಂಡ್ಬಿಟ್ಟಿದ್ದೆ ಬೊಮ್ಮಯ್ಯ. ಮನಸ್ಸಿಗೆ ಹಚ್ಕಬೇಡ” ಎಂದರು.

“ಆತು ಹೆಗಡೇರೆ” ಎಂದ ಅವನು. ಅವರ ಮೇಲೆ ಸಿಟ್ಟು ಬರಲಿಲ್ಲ. ತಾನು ಈರನಿಗೆ ಮಾಡಿದ್ದೂ ಅದನ್ನೇ.

ಅದೇ ವಾರ ತದಡಿಗೆ ಹೋದ. ಈರ ಬೋಟಿಗೆ ಐಸಿನ ಪೆಟ್ಟಿಗೆ ಏರಿಸುತ್ತಿದ್ದ. ಭಾವನನ್ನು ಕಂಡು ಕೈ ಒರೆಸಿಕೊಂಡು ಬಂದು, “ಊಟ ಆತಾ?” ಎಂದು ಕೇಳಿ, ಬಂದರಿನ ಖಾನಾವಳಿಗೆ ಕರೆದೊಯ್ದ. ಮೀನು ಸಾರು, ಅನ್ನ ಬಂತು. ಬೊಮ್ಮಯ್ಯ ನಾಲ್ಕು ತುತ್ತು ಉಂಡು ಕೈ ನಿಲ್ಲಿಸಿದ.

“ನನ್ನಿಂದ ತಪ್ಪಾತು ಈರ.”

“ಮೊಬೈಲ್ ಸೆಕೆಂಡ್ ಹ್ಯಾಂಡ್. ಭಟ್ಕಳಕ್ಕೆ ಒಯ್ತಿದ್ದದ್ದು ತೆಂಗಿನಕಾಯಿ” ಎಂದ ಈರ. ಭಾವನ ಲೋಟಕ್ಕೆ ನೀರು ಹೊಯ್ದು, “ಮೊದ್ಲು ಕೇಳಿದ್ರೆ ಹೇಳ್ತಿದ್ದೆ ಭಾವ. ನೀವು ಕೇಳ್ಲಿಲ್ಲ. ಚೀಲ ಸುರಿದ್ರಿ” ಎಂದ.

ಬೊಮ್ಮಯ್ಯ ಮನೆಗೆ ಬಾ ಎಂದು ಕರೆದ. ಅಕ್ಕನನ್ನು ನೋಡಲು ಬರುತ್ತೇನೆ, ಇರುವುದಕ್ಕಲ್ಲ ಎಂದ ಈರ. ಹೇಳಿದಂತೆಯೇ ಹಬ್ಬಕ್ಕೆ ಹುಣ್ಣಿಮೆಗೆ ಬಂದುಹೋಗುವುದನ್ನು ಇಟ್ಟುಕೊಂಡ. ಬೊಮ್ಮಯ್ಯನಿಗೆ ಕೆಲಸ ಮೊದಲಿಗಿಂತ ಹೆಚ್ಚಾಯಿತು. ಮೋಟರು ಎತ್ತಲು ಕೂಲಿಯವರನ್ನು ಕರೆಯತೊಡಗಿದ.

2006ರ ದೀಪಾವಳಿಯ ಹಿಂದಿನ ಸಂಜೆ ಈರ ಬಂದವನು ಅಕ್ಕನ ಕೈಗೆ ಜರಿಯಂಚಿನ ಒಳ್ಳೆಯ ಸೀರೆ ಇಟ್ಟ. ಕಮಲಿ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಐಸು ಹೊರುವವನಿಗೆ ಇಂಥ ಸೀರೆ ಹೇಗೆ ಎಂಬ ಮಾತು ಬೊಮ್ಮಯ್ಯನ ನಾಲಿಗೆಯ ತುದಿಗೆ ಬಂತು. ಈರ ಅವನ ಮುಖವನ್ನೇ ನೋಡುತ್ತಿದ್ದ. ಬೊಮ್ಮಯ್ಯ ಎದ್ದು ಬಾವಿಕಟ್ಟೆಗೆ ಹೋಗಿ, ನೀರು ತುಂಬುವ ಹಬ್ಬದ ಹಂಡೆಗೆ ಕೊಡದ ಮೇಲೆ ಕೊಡ ಸೇದಿ ಹೊಯ್ಯತೊಡಗಿದ.