ಕಂಸದೊಳಗೆ ಉಳಿದದ್ದು

ಜನವರಿ 18, ಭಾನುವಾರ, ಬೆಳಿಗ್ಗೆ 7-20. ದಾಂಡೇಲಿಯ ಹಾಸ್ಟೆಲ್ ಕೋಣೆಯಲ್ಲಿ ಬರೆಯಲು ಕೂತೆ.

ಅಕ್ಕೋರ ಬಲಗೈ ಹೆಬ್ಬೆರಳು ಚಪ್ಪಟೆ, ಅಗಲ. ಉಗುರಿನ ಅಂಚಿನಲ್ಲಿ ಸದಾ ಅರಿಷಿಣದ ಹಳದಿ. ನಾನು ಬಿಡಿಸಿದ ಲೆಕ್ಕದಲ್ಲಿ ಕಂಸದ ಹೊರಗೆ ಬರೆದದ್ದರ ಮೇಲೆ ಆ ಬೆರಳನ್ನು ಊರಿ, ಅದನ್ನು ಪೂರ್ತಿ ಮುಚ್ಚಿ, ಒಳಗಿನದನ್ನಷ್ಟೇ ಓದುತ್ತಿದ್ದರು. ನಾನು ಒದ್ದಾಡಿ ಹುಡುಕಿದ ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಈಗ ನೆನೆದರೂ ಸಿಟ್ಟು ಬರುತ್ತದೆ.

ಹಳಿಯಾಳದಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ಶಾಲೆಯಿಂದ ನಿವೃತ್ತರಾಗಿದ್ದರೂ ಗಣಿತ ಕಲಿಸುವುದನ್ನು ಬಿಟ್ಟಿರಲಿಲ್ಲ. ದಾಂಡೇಲಿಯ ತರಬೇತಿ ಕೇಂದ್ರದ ಪ್ರವೇಶ ಪರೀಕ್ಷೆಯಲ್ಲಿ ನಾನು ಒಮ್ಮೆ ಬಿದ್ದಿದ್ದೆ, ಬೀಜಗಣಿತದಲ್ಲೇ. ಇನ್ನೊಮ್ಮೆ ಬಿದ್ದರೆ ಅಣ್ಣನ ಗಿರಣಿಯಲ್ಲಿ ಹಿಟ್ಟು ತೂಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದಕ್ಕೇ ಬೇಸಿಗೆಯಿಡೀ ಅಕ್ಕೋರ ಕಟ್ಟೆಯ ಮೇಲೆ ಕೂತೆ.

ಮೊದಲ ದಿನದ ಲೆಕ್ಕ 12x³y + 18x²y². ನಾನು 6x³y² ಹೊರಗೆ ತೆಗೆದೆ.

"ಮಹತ್ತಮ ಅಂದ್ರ ದೊಡ್ಡದಲ್ರಿ? ಅದಕ್ಕ ದೊಡ್ಡ ಘಾತಾಂಕ ತಗೊಂಡೆ."

"ಎರಡನೇ ಪದದಾಗ x ಇರೂವ ಎರಡು. ಮೂರನೇದು ಎಲ್ಲಿಂದ ತಂದಿ? ಬಾಜೂ ಮನ್ಯಾಗ ಕಡ ಕೇಳಿದ್ಯೇನು? ಇಬ್ಬರ ಹತ್ರಾನೂ ಎಷ್ಟು ಐತಿ, ಅಷ್ಟ ತಗೀಬೇಕು."

ಮತ್ತೆ ಬಿಡಿಸಿದೆ: 2x²y(6x + 9y). ಹೆಬ್ಬೆರಳು ಬಂದು ಕೂತಿತು.

"ಒಳಗ ಇನ್ನೂ ಏನರೆ ಉಳದೈತೇನು?"

"ಹೊರಗಿಂದು ಬರೋಬ್ಬರಿ ಐತೋ ಇಲ್ಲೋ, ಅದನ್ನರೆ ಹೇಳ್ರಿ!"

"ನನ್ನ ಯಾಕ ಕೇಳ್ತಿ? ಒಳಗಿಂದನ್ನ ಕೇಳು, ಅದ ಹೇಳತೈತಿ."

ಆರಕ್ಕೂ ಒಂಬತ್ತಕ್ಕೂ ಮೂರು ಸಾಮಾನ್ಯ. ಅದನ್ನೂ ತೆಗೆದು 6x²y(2x + 3y) ಎಂದು ಬರೆದ ಮೇಲೆಯೇ ಬೆರಳು ಎದ್ದದ್ದು. ಶಭಾಸ್ ಇಲ್ಲ, ಮುಂದಿನ ಲೆಕ್ಕ.

ಈ ಚಾಳಿ ಲೆಕ್ಕಕ್ಕಷ್ಟೇ ಇರಲಿಲ್ಲ. ಹಾಲಿನ ಪಾಕೀಟನ್ನು ಸುರಿದ ಮೇಲೂ ತಲೆಕೆಳಗೆ ಹಿಡಿದು, ಕೊನೆಯ ಹನಿ ಬೀಳುವವರೆಗೆ ನಿಂತಿರುತ್ತಿದ್ದರು. ಪರೀಕ್ಷೆಯ ದಿನ ಬಸ್ ಸ್ಟ್ಯಾಂಡಿಗೇ ಬಂದು, ನನ್ನ ಚೀಲ ಬಿಚ್ಚಿಸಿ, "ಒಳಗ ಏನ್ ಉಳದೈತಿ ನೋಡು" ಎಂದು ಅಡಿಯವರೆಗೂ ಕೈಯಾಡಿಸಿದರು. ಅಷ್ಟರಲ್ಲಿ ಬಸ್ಸು ಹೋಯಿತು. ಮುಂದಿನದಕ್ಕೆ ಹತ್ತಿ, ಓಡುತ್ತಲೇ ಪರೀಕ್ಷಾ ಕೋಣೆ ಸೇರಿದೆ.

ಕೊನೆಯ ಲೆಕ್ಕ ಅಪವರ್ತನದ್ದೇ. ಬಿಡಿಸಿ ಏಳಬೇಕು, ನನ್ನ ಹೆಬ್ಬೆರಳು ತಾನಾಗಿಯೇ ಕಂಸದ ಹೊರಗಿನದರ ಮೇಲೆ ಹೋಯಿತು. ಒಳಗೆ ಎರಡೂ ಪದಗಳಲ್ಲಿ ಒಂದೊಂದು y ಉಳಿದಿತ್ತು! ಅದನ್ನು ಹೊರಗೆ ತಂದು ಉತ್ತರ ತಿದ್ದಿದೆ. ಸೀಟು ಸಿಕ್ಕಿತು. ಆಯ್ಕೆ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು ನನ್ನದು.

ಫೇಡೆ ಡಬ್ಬಿ ಹಿಡಿದು ಅಕ್ಕೋರ ಮನೆಗೆ ಓಡಿದೆ. ಎಲ್ಲ ಕೇಳಿ ಅವರು ಅಂದದ್ದು: "y ತಗದ ಮ್ಯಾಲೆ ಒಳಗ ಏನ್ ಉಳೀತು?"

"4x³y² ಹೊರಗ ಬಂತ್ರಿ."

"ಹೊರಗಿಂದು ಯಾರ ಕೇಳಿದ್ರು?"

"ಒಳಗಿಂದು ನೆನಪಿಲ್ರಿ. ಪ್ರಶ್ನೆಪತ್ರಿಕೆ ಹೊಳ್ಳಿ ಇಸಗೊಂಡ್ರು."

"ಇನ್ನೂ ಒಂದು x ಉಳದಿತ್ತಂದ್ರ?"

"ಅಕ್ಕೋರ, ಸೀಟು ಸಿಕ್ಕೈತೆಲ್ರಿ!"

"ಸೀಟು ಹೊರಗಿಂದು. ನೆನಪಾದ ಮ್ಯಾಲೆ ಬಾ. ಫೇಡೆ ಆವಾಗ ತಿಂತೇನಿ."

ಡಬ್ಬಿಯನ್ನು ನನ್ನ ಕೈಗೇ ವಾಪಸ್ ಕೊಟ್ಟರು. ನಾನು ಸಿಟ್ಟಿನಿಂದ ಅಷ್ಟೂ ಫೇಡೆಯನ್ನು ದಾರಿಯಲ್ಲೇ ತಿಂದೆ.

ದೀಪಾವಳಿ ಮುಗಿದ ಮರುವಾರ, ಮುಂಡಗೋಡದಲ್ಲಿ ಮಗಳ ಮನೆಯಲ್ಲಿದ್ದಾಗ ಅಕ್ಕೋರು ತೀರಿಕೊಂಡರು. ನಾನು ಅವರಿಗೆ ಉತ್ತರ ಹೇಳಿರಲಿಲ್ಲ. ಪರೀಕ್ಷೆಯ ದಿನದ ನನ್ನ ದಿನಚರಿಯಲ್ಲಿ ತಪ್ಪಿದ ಬಸ್ಸಿನ ಹೊತ್ತು ಇದೆ, ಕೋಣೆಯ ಸಂಖ್ಯೆ ಇದೆ, ಬಿಡಿಸಿದ, ಬಿಟ್ಟ ಲೆಕ್ಕಗಳ ಎಣಿಕೆಯೂ ಇದೆ. ಬೇಕಾದ ಅದೊಂದೇ ಇಲ್ಲ. ಎಷ್ಟೋ ಸಲ ಹಾಳೆಯ ಮೇಲೆ 4x³y² ಬರೆದು, ಮುಂದೆ ಕಂಸ ತೆರೆದು, ಹಾಗೇ ಕೂತಿದ್ದೇನೆ.

ಕಳೆದ ಜೂನ್‌ನಲ್ಲಿ ನನ್ನೊಡನೆ ಆ ಪರೀಕ್ಷೆ ಬರೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೊನೆಯ ಲೆಕ್ಕ ನೆನಪಿದ್ದರೆ, ದಯವಿಟ್ಟು ಬರೆದು ತಿಳಿಸಿ. ಹೊರಗಿನದು ನನ್ನ ಬಳಿ ಇದೆ. ಒಳಗಿನದಷ್ಟೇ ಸಾಕು.