ಎರಡನೆಯ ಪಂಕ್ತಿ

ಜೋಳದ ಭಕ್ಕರಿಯ ರುಚಿಯೆಲ್ಲ ಅದು ಹಂಚಿನಿಂದ ಇಳಿದ ಮೊದಲ ಎರಡು ನಿಮಿಷಗಳಲ್ಲಿದೆ. ಕೆಂಡದ ಮುಂದೆ ನಿಲ್ಲಿಸಿದಾಗ ಅದು ಒಂದು ಮಗ್ಗುಲಿನಿಂದ ಉಬ್ಬುತ್ತ ಬಂದು, ಪೂರ್ತಿ ದುಂಡಗಾಗಿ, ಎಲ್ಲೋ ಒಂದು ಸಣ್ಣ ತೂತಿನಿಂದ ಉಸ್ಸೆಂದು ಉಸಿರು ಬಿಡುತ್ತದೆ. ಆಗಲೇ ಮುರಿದರೆ ಒಳಪದರಿನಿಂದ ಜೋಳದ ಸಿಹಿ ವಾಸನೆ ಏಳುತ್ತದೆ. ಇದನ್ನು ನಾನು ಇಷ್ಟು ಚೆನ್ನಾಗಿ ಬಲ್ಲೆ, ಏಕೆಂದರೆ ಹಾನಗಲ್ಲಿನ ಗಂಡನ ಮನೆಯಲ್ಲಿ ಹತ್ತು ವರ್ಷ ದಿನಾಲೂ ಭಕ್ಕರಿ ಬಡಿದಿದ್ದೇನೆ. ತಿಂದು ಬಲ್ಲೆನೆಂದಲ್ಲ, ವಾಸನೆ ಹಿಡಿದು ಬಲ್ಲೆ.

ಮಾವನವರು ವೇದಾಂತ ಓದಿದವರು, ಮನೆಗೆ ಪಾಠಕ್ಕೆ ಹುಡುಗರು ಬರುತ್ತಿದ್ದರು. ನಮ್ಮ ಯಜಮಾನರು ವಕೀಲರು. ಹನ್ನೆರಡೂವರೆಗೆ ಗಂಡಸರ ಪಂಕ್ತಿ. ಮಾವನವರು, ಯಜಮಾನರು, ಬಂದವರು ಹೋದವರು, ಸಣ್ಣ ಮಕ್ಕಳು, ಸಾಲಾಗಿ ಎಲೆ ಹಾಕಿಕೊಂಡು ಕೂರುತ್ತಿದ್ದರು. ಅತ್ತೆಯವರು ಬಡಿಸುವುದು, ನಾನು ಮಡಿಯಲ್ಲಿ ಒಲೆಯ ಮುಂದೆ ಕುಳಿತು ಒಂದೊಂದೇ ಭಕ್ಕರಿ ಉಬ್ಬಿಸಿ ಕಳಿಸುವುದು. ಅವರದಾಗಿ, ನೆಲ ಸಾರಿಸಿ, ನಾವಿಬ್ಬರು ಎರಡನೆಯ ಪಂಕ್ತಿಗೆ ಕೂರುವಾಗ ಎರಡೂವರೆ. ಆ ಹೊತ್ತಿಗೆ ಭಕ್ಕರಿ ರಟ್ಟಾಗಿರುತ್ತಿತ್ತು. ಬದನೆಕಾಯಿ ಎಣ್ಣೆಗಾಯಿಯಲ್ಲಿ ಉಳಿಯುತ್ತಿದ್ದದ್ದು ತೊಟ್ಟು ಮತ್ತು ಎಣ್ಣೆ. ಅತ್ತೆಯವರು ತೊಟ್ಟನ್ನೇ ಚೀಪಿ, 'ಎಣ್ಣಿಗಾಯಿ ಛಲೋ ಆಗೇದವಾ' ಎನ್ನುತ್ತಿದ್ದರು.

ನಾನು ಹುಬ್ಬಳ್ಳಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ನಮಗೆ ಕಲಿಸಿದ ಮೊದಲ ಪಾಠವೇ ದನಿ ಏರಿಸಬಾರದು ಎಂಬುದು. ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಹತ್ತು ವರ್ಷ ನನ್ನ ಸಿಟ್ಟು ನನಗೇ ಕೇಳಿಸಲಿಲ್ಲ. ಆದರೆ ಅದೇ ಕಾನ್ವೆಂಟಿನಲ್ಲಿ ಮಧ್ಯಾಹ್ನ ಗಂಟೆ ಹೊಡೆದರೆ ದೊಡ್ಡ ಸಿಸ್ಟರಿನಿಂದ ಹಿಡಿದು ಒಂದನೇ ಇಯತ್ತೆಯ ಹುಡುಗಿಯವರೆಗೂ ಎಲ್ಲರೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಅದೂ ಒಂದು ಪಾಠ ಎಂದು ಆಗ ತಿಳಿದಿರಲಿಲ್ಲ.

ಚಾತುರ್ಮಾಸದ ಮೊದಲ ತಿಂಗಳು ಶಾಕವ್ರತ. ಮನೆಯೊಳಗೆ ತರಕಾರಿ ಬರುವಂತಿಲ್ಲ. ಹಸಿ ಮೆಣಸಿನಕಾಯಿ, ಕೊತ್ತಂಬರಿ ಕೂಡ ಬಂದ್. ಹೆಸರುಬೇಳೆ, ಕರಿಮೆಣಸು, ಜೀರಿಗೆ, ಇವುಗಳಲ್ಲೇ ಮೂವತ್ತು ದಿನ ಮೂವತ್ತು ಬಗೆ ಮಾಡಬೇಕು. ಮಾಡಿದೆ. ಆ ತಿಂಗಳಲ್ಲೇ ಸಂಜೆ ಕೋರ್ಟಿನಿಂದ ಬಂದ ಯಜಮಾನರ ಅಂಗಿ ಒಗೆಯಲು ಎತ್ತಿಕೊಂಡರೆ ಉಳ್ಳಾಗಡ್ಡಿಯ ವಾಸನೆ, ಕರವಸ್ತ್ರದ ಮೇಲೆ ಬಟಾಟಿ ಪಲ್ಯದ ಅರಿಸಿನದ ಕಲೆ. ಅದೇನೂ ಗುಟ್ಟಲ್ಲ. ಗುಟ್ಟಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನಲ್ಲಿ ಅವರು ಮಸಾಲೆ ದೋಸೆ ತಿನ್ನುತ್ತಾರೆಂದು ಮಾವನವರಿಗೂ ಗೊತ್ತು, ಅತ್ತೆಯವರಿಗೂ ಗೊತ್ತು.

'ಗಂಡಸರು ಹೊರಗ ತಿರಗತಾರವಾ, ಹೊರಗಿಂದು ಹೊರಗ ಹೋತು,' ಎಂದು ಅತ್ತೆಯವರು ಅಂಗಿಯ ಮೇಲೆ ಸಬಕಾರ ತಿಕ್ಕುತ್ತ ಹೇಳಿದ್ದರು.

ಮಗಳಿಗೆ ಒಂಬತ್ತು ತುಂಬಿದ ವರ್ಷ, ಆಷಾಢದಲ್ಲಿ, ಮಾವನವರು ಊಟ ಮುಗಿಸಿ ಕೈ ತೊಳೆಯುತ್ತ ಹೇಳಿದರು. ನನ್ನೊಡನೆ ಅವರು ನೇರ ಮಾತಾಡುತ್ತಿರಲಿಲ್ಲ. ಅತ್ತೆಯವರಿಗೇ ಹೇಳಿದ್ದು, 'ಕೂಸಿಗೆ ಒಂಬತ್ತ ಆತು. ಇನ್ನ ಬಡಸೂದು ಕಲೀಲಿ. ನಿಮ್ಮ ಪಂಕ್ತ್ಯಾಗ ಕೂಡಸ್ಕೋರಿ.'

ಅಷ್ಟೇ. ಮರುದಿನದಿಂದ ಮಗಳು ಉಪ್ಪಿನ ಬಟ್ಟಲು ಹಿಡಿದು ಏಳು ವರ್ಷದ ತಮ್ಮನ ಎಲೆಗೆ ಉಪ್ಪು ಬಡಿಸಿದಳು. ಅವನು ಬಿಸಿ ಭಕ್ಕರಿಯನ್ನು ತೊವ್ವೆಗೆ ಅದ್ದಿ ತಿನ್ನುವುದನ್ನು ಕಂಬಕ್ಕೊರಗಿ ನೋಡುತ್ತ ನಿಂತಳು. ಎರಡೂವರೆಗೆ ನಮ್ಮ ನಡುವೆ ಕುಳಿತು ರಟ್ಟಿನಂಥ ಭಕ್ಕರಿ ಮುರಿಯಲು ಎರಡೂ ಕೈ ಹಚ್ಚಿದಳು. ಒಂದು ತುಣುಕು ಸಿಡಿದು ಒಲೆಯ ಬೂದಿಯಲ್ಲಿ ಬಿತ್ತು. ನಾನು ನಕ್ಕೆ. ಯಾಕೆ ನಕ್ಕೆನೋ, ಇವತ್ತಿಗೂ ನಾಚಿಕೆಯಾಗುತ್ತದೆ. ನಮ್ಮ ಪಂಕ್ತಿಗೆ ಬಂದ ಮೇಲೆ ವ್ರತವೂ ಅವಳಿಗೆ ಅಂಟಿಕೊಂಡಿತು.

ಪಂಚಮಿಗೆ ಸವಣೂರಿನ ನನ್ನ ತವರಿಗೆ ಹೊರಟೆವು, ನಾವು ನಾಲ್ವರೂ. ಶಿಗ್ಗಾವಿಯಲ್ಲಿ ಬಸ್ಸು ಬದಲಿಸಬೇಕು. ಜಿಟಿಜಿಟಿ ಮಳೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಟ್ರಂಕು, ಉಂಡಿಯ ಡಬ್ಬಿ ಇಟ್ಟುಕೊಂಡು ಕುಳಿತೆವು. ಎದುರಿನ ಹೋಟೆಲ್ಲಿನ ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದು ಅಲ್ಲಿಗೂ ಕೇಳುತ್ತಿತ್ತು.

'ಬಸ್ಸಿಗೆ ಇನ್ನೂ ತಾಸು ಅದ. ನೀ ಸಾಮಾನು ನೋಡ್ಕೋತ ಕೂಡು. ನಾವಿಬ್ಬರೂ ಚಹಾ ಕುಡದು ಬರ್ತೇವಿ,' ಎಂದು ಯಜಮಾನರು ಮಗನ ಕೈ ಹಿಡಿದರು.

'ಅಪ್ಪಾ, ನಾನೂ ಬರ್ತೇನಿ,' ಎಂದಳು ಮಗಳು.

'ನೀ ಎಲ್ಲಿ ಬರ್ತೀ? ವ್ರತ ಅದ ನಿನಗ.'

'ಅವಗ ಇಲ್ಲೇನು?'

'ಅಂವ ಗಂಡ ಹುಡುಗ. ಅವ್ವನ ಹತ್ರ ಕೂಡು.'

ಸಿಡಿಮಿಡಿಯಿಲ್ಲದೆ, ಮಳೆ ಬರುತ್ತಿದೆ ಎಂದು ಹೇಳುವ ಹಾಗೆ ಹೇಳಿದರು. ಎರಡು ಹೆಜ್ಜೆ ಹೋಗಿ ತಿರುಗಿ, 'ನಿಮಗ ಏನರ ತರೋಣಂದ್ರ ವ್ರತ, ಏನ ತರ್ಲಿ?' ಎಂದು ನಿಜವಾದ ಮರುಕದಿಂದ ಕೇಳಿದರು. ಆ ಮರುಕವೇ ನನ್ನನ್ನು ಕೆಡಿಸಿತು. ಹತ್ತು ವರ್ಷದಲ್ಲಿ ಮೊದಲ ಸಲ ಕಿವಿ ಬಿಸಿಯಾಯಿತು. ಮಗಳು ಅಳಲಿಲ್ಲ. ಕಂಬಕ್ಕೊರಗಿ ನಿಲ್ಲುವ ಅದೇ ನಿಲುವಿನಲ್ಲಿ ನಿಂತಳು, ಇಲ್ಲಿ ಕಂಬವೂ ಇರಲಿಲ್ಲ. ಒಂದೇ ತಿಂಗಳಲ್ಲಿ ಅವಳು ಕಲಿತುಬಿಟ್ಟಿದ್ದಳು.

ಪಕ್ಕದಲ್ಲಿ ಹತ್ತಿಮತ್ತೂರಿಗೆ ಹೊರಟ ಒಬ್ಬ ಮುದುಕಿ ತನ್ನ ಗಂಟಿನ ಮೇಲೆ ಕುಳಿತಿದ್ದಳು.

'ಅಜ್ಜೀ, ಈ ಟ್ರಂಕ ಸ್ವಲ್ಪ ನೋಡ್ಕೋತೀರಿ? ಇಕೀಗೆ ಏನರ ತಿನಿಸಿ ಬರ್ತೇನಿ.'

'ಹೋಗ ತಂಗಿ, ನಾ ಅದೇನಿ. ಹೊಟ್ಟಿಗೆ ತಿನ್ನಾಕ ಯಾರ ಹುಕುಂ ಬೇಕು?' ಎಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಹೋಟೆಲ್ಲಿನ ಬಾಗಿಲಲ್ಲಿ ಸಪ್ಲೈಯರ್ ಓಡಿಬಂದ. 'ಬರ್ರಿ ಅಕ್ಕಾರ, ಒಳಗ ಪರದೆ ಐತ್ರಿ, ಫ್ಯಾಮಿಲಿ ಅಲ್ಲೇ ಕುಂಡ್ರತಾರ.'

'ಬ್ಯಾಡ್ರಿ, ನಮ್ಮನಿಯವರು ಇಲ್ಲೇ ಕೂತಾರ,' ಎಂದು ಯಜಮಾನರ ಟೇಬಲ್ಲಿಗೇ ಹೋಗಿ, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕುಳಿತೆ. ಅವರ ಮುಂದೆ ಅರ್ಧ ಮುರಿದ ದೋಸೆ. ಮಗನ ಗಲ್ಲದ ಮೇಲೆ ಚಟ್ನಿ.

'ಇದೇನಿದು? ಸಾಮಾನು?' ಎಂದರು.

'ಅದಾವ. ಇಲ್ಲೆ ಎರಡು ಮಸಾಲಿ ದ್ವಾಸಿ ಕೊಡ್ರಿ.'

'ಏ, ವ್ರತ ಅದಲ್ಲ ನಿಮಗ!'

'ನಿಮಗೂ ಅದ,' ಎಂದೆ. ದನಿ ಏರಿಸಲಿಲ್ಲ.

ದೋಸೆ ಬಂತು. ಅಂಚು ಕೆಂಪಗೆ, ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು. ಮಗಳು ತುದಿ ಮುರಿಯಲು ಹೋಗಿ ಬೆರಳು ಸುಟ್ಟುಕೊಂಡು ಉಫ್ ಎಂದು ಊದಿಕೊಂಡಳು, ಮತ್ತೆ ಮುರಿದಳು. 'ಅವ್ವಾ, ಎಷ್ಟ ಬಿಸಿ ಅದ!' ಎಂದು ನನ್ನ ಮುಖ ನೋಡಿದಳು. ಬೇರೆ ಯಾರೋ ಬೇಯಿಸಿ, ಬೇರೆ ಯಾರೋ ತಂದು ನನ್ನ ಮುಂದಿಟ್ಟ ಬಿಸಿ ತಿನಿಸು ಮದುವೆಯಾದ ಮೇಲೆ ನನಗೆ ಅದೇ ಮೊದಲು. ರುಚಿ ಹೇಗಿತ್ತು ಎಂದು ಹೇಳಲಾರೆ. ಸಿಟ್ಟಿನಲ್ಲಿ ಗಬಗಬ ತಿಂದುಬಿಟ್ಟೆ. ಅದೊಂದು ಕೊರಗು ಉಳಿದಿದೆ.

ನಾಲ್ಕು ದಿನ ತವರಿನಲ್ಲಿದ್ದು ಹಾನಗಲ್ಲಿಗೆ ಬಂದಾಗ, ಚಪ್ಪಲಿ ಬಿಡುವ ಮೊದಲೇ ಮಗ ಕೂಗಿದ, 'ಅಜ್ಜಾ, ಅವ್ವ, ಅಕ್ಕ ಹೋಟೆಲ್‌ನ್ಯಾಗ ದ್ವಾಸಿ ತಿಂದ್ರು!'

ಮಾವನವರು ಅತ್ತೆಯವರ ಕಡೆ ತಿರುಗಿದರು. 'ನಿನ್ನ ಸೊಸಿಗೆ ಹೇಳು. ಪಂಚಗವ್ಯ ತಗೊಳ್ಳೂತನಕಾ ತಾಯಿ ಮಗಳು ಇಬ್ಬರೂ ಅಡಗಿಮನಿ ಹೊಸ್ತಲಾ ದಾಟೂದು ಬ್ಯಾಡ.'

'ನಾಲ್ಕು ಮಂದಿಗೆ ಮಾಡಸ್ರಿ ಮಾವಾ. ತಿಂದವರು ನಾಲ್ಕು ಮಂದಿ ಇದ್ದೇವಿ,' ಎಂದು ನಾನೇ ನೇರವಾಗಿ ಅಂದೆ.

ಯಜಮಾನರು ಗೋಡೆಯ ಪಂಚಾಂಗದಲ್ಲಿ ಏನೋ ಹುಡುಕತೊಡಗಿದರು. ಮಾವನವರು, 'ಗಂಡಸರ ಮಾತು ಬ್ಯಾರೆ,' ಎಂದು ಎದ್ದು ಹೋದರು. ಪಂಚಗವ್ಯ ಇಬ್ಬರಿಗೇ ಬಂತು. ಕುಡಿದೆ, ಮಗಳಿಗೂ ಕುಡಿಸಿದೆ. ಇದನ್ನು ಬರೆಯುವಾಗ ನನ್ನ ಮೇಲೆಯೇ ಸಿಟ್ಟು ಬರುತ್ತಿದೆ. ಆದರೆ ಮರುದಿನ ನನಗೆ ಅಡುಗೆಮನೆ ಬೇಕಿತ್ತು.

ನಮ್ಮಲ್ಲಿ ಎಲೆಗೆ ಅನ್ನ, ತೊವ್ವೆ ಎಲ್ಲ ಬಡಿಸಿದರೂ ಅನ್ನದ ಮೇಲೆ ತುಪ್ಪ ಬೀಳುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ತುಪ್ಪ ಬಿದ್ದರೆ ಅನ್ನ ಶುದ್ಧ, ಆಮೇಲೆ ಎಲೆಯ ಸುತ್ತ ನೀರು ಬಿಟ್ಟು ಊಟ ಶುರು. ಮರುದಿನ ಭಕ್ಕರಿ ಬಡಿಯಲು ಅತ್ತೆಯವರನ್ನು ಕೂರಿಸಿ, ಬಡಿಸಲು ನಾನು ನಿಂತೆ. ಎಲ್ಲ ಬಡಿಸಿದೆ. ತುಪ್ಪದ ಗಿಂಡಿ ಹಿಡಿದು ನಡುವೆ ನಿಂತುಬಿಟ್ಟೆ.

'ಕೂಸು ತಮ್ಮನ ಬಾಜೂಕ ಕೂತ ಮ್ಯಾಲೆ ತುಪ್ಪ ಬಡಸ್ತೇನಿ.'

ಅನ್ನದ ಮೇಲಿನ ಹಬೆ ಮೊದಲು ದಪ್ಪಗಿತ್ತು, ಆಮೇಲೆ ಎಳೆಯಾಯಿತು, ಆಮೇಲೆ ನಿಂತಿತು. ತೊವ್ವೆಯ ಮೇಲೆ ಕೆನೆಗಟ್ಟಿತು. ಇಷ್ಟು ವರ್ಷ ನನ್ನ ಎಲೆಯಲ್ಲಿ ನೋಡಿದ್ದನ್ನು ಅವರ ಎಲೆಯಲ್ಲಿ ನೋಡಿದೆ.

'ಏನ ಹಚ್ಚೀದಿ ಇದು? ಅನ್ನ ಆರಲಿಕತ್ತೇದ,' ಎಂದರು ಯಜಮಾನರು.

'ಆರಲಿ. ಆರಿದ್ದೂ ಉಣ್ಣಲಿಕ್ಕೆ ಬರ್ತದ್ರಿ. ಅತ್ಯಾರ್ನ ಕೇಳ್ರಿ.'

ಅತ್ತೆಯವರು ಒಲೆಯ ಮುಂದಿನಿಂದ ಎದ್ದುಬಂದರು. ನನ್ನನ್ನು ಬೈಯುತ್ತಾರೆಂದುಕೊಂಡೆ. ಹಿಟ್ಟಿನ ಕೈಯಲ್ಲೇ ಒಂದು ಎಲೆ ತಂದು ಮೊಮ್ಮಗನ ಪಕ್ಕ ಹಾಕಿ, 'ಕೂಡವಾ ಕೂಸ, ಲಗೂನ ಕೂಡು. ನಿಮ್ಮಜ್ಜಗ ಹಸಿವು ತಡಕೊಂಡು ರೂಢಿ ಇಲ್ಲ,' ಎಂದರು.

ಮಗಳು ಕುಳಿತಳು. ಮಾವನವರು ಎಲೆ ನೋಡುತ್ತಿದ್ದರು, ಏಳಲಿಲ್ಲ. ಮೊದಲ ತುಪ್ಪ ಅವರಿಗೇ ಹಾಕಿದೆ, ಕೊನೆಯದು ಅವಳಿಗೆ. ಉಬ್ಬಿದ ಭಕ್ಕರಿ ಅವಳಿಗೆ ಮೊದಲು ಹಾಕಿದೆ. ಆಮೇಲೆ ಆ ಮನೆಯಲ್ಲಿ ಅವಳು ತಣ್ಣಗಿನ ಭಕ್ಕರಿ ತಿನ್ನಲಿಲ್ಲ.

ಎರಡೂವರೆಗೆ ನಾನೂ ಅತ್ತೆಯವರೂ ಉಳಿದೆವು. ಒಲೆ ಆರಿಸಲು ಹೋದ ಅವರ ಕೈ ತಡೆದು, ಮತ್ತೆ ಕಟಗಿ ಇಟ್ಟು, ಒಂದು ಭಕ್ಕರಿ ಬಡಿದು ಉಬ್ಬಿಸಿ ನೇರ ಅವರ ಎಲೆಗೆ ಹಾಕಿದೆ. ಬೇಡ ಬೇಡ ಎನ್ನುತ್ತಲೇ ಮುರಿದು ಬಾಯಿಗಿಟ್ಟರು. ತಕ್ಷಣ ಮುಖ ಕಿವುಚಿ, ನೀರು ಕುಡಿದು, ತಪ್ಪು ಮಾಡಿದವರಂತೆ ನಕ್ಕರು.

'ನಾಲಿಗಿ ಸುಟ್ಟಿತು ನೋಡವಾ. ಆರಸಿ ಕೊಡು. ನನಗ ಬಿಸೀದು ತಿನ್ಲಿಕ್ಕೆ ಬರೂದಿಲ್ಲ.'

ಆ ಮಾತಿಗೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.