ಹನ್ನೊಂದನೆಯ ಕ್ರೋಮೋಸೋಮಿನ ಶಿಖರ

ನಾನು ಹಾಲಿನ ಪ್ಯಾಕೆಟ್ ಮೇಲಿನ ತಾರೀಕನ್ನೂ ಎರಡೆರಡು ಸಲ ಓದುವವನು. ಅಂಥವನಿಗೆ ಎಲೆಕ್ಟ್ರಾನಿಕ್ ಸಿಟಿಯ ಬೀಜದ ಕಂಪನಿಯೊಂದರಲ್ಲಿ ಬೇರೆಯವರ ಫೈಲು ಪರೀಕ್ಷಿಸುವ ಕೆಲಸ ಸಿಕ್ಕಿತ್ತು. ಹೇಳಿ ಮಾಡಿಸಿದಂತಿತ್ತು.

ಎಲೆ ಮುಟುರು ರೋಗವನ್ನು ತಡೆಯುವ ಗುಣ ಟೊಮೆಟೊದ ಯಾವ ಕ್ರೋಮೋಸೋಮಿನಲ್ಲಿ, ಎಲ್ಲಿ ಅಡಗಿದೆ ಎಂದು ನಾವು ಹುಡುಕುತ್ತಿದ್ದೆವು. ನಮ್ಮ ಸಾಫ್ಟ್‌ವೇರ್ ಕ್ರೋಮೋಸೋಮನ್ನು ಅಡ್ಡಗೆರೆಯಾಗಿ ಎಳೆದು ಅದರ ಮೇಲೆ ಗ್ರಾಫ್ ಬಿಡಿಸುತ್ತದೆ. ಅದಕ್ಕೆ ಕೊಡುವ ಫೈಲಿನಲ್ಲಿ ನಾಲ್ಕು ಕಾಲಂ ಇರಬೇಕು: ಕ್ರೋಮೋಸೋಮಿನ ಸಂಖ್ಯೆ, ಜಾಗದ ಆರಂಭ, ಅಂತ್ಯ, ಮತ್ತು ಆ ಜಾಗಕ್ಕೆ ಬಂದ ಅಂಕ. ಸಾಲುಗಳು ಕ್ರಮವಾಗಿರದಿದ್ದರೆ ಫೈಲನ್ನು ಮುಟ್ಟುವುದೇ ಇಲ್ಲ.

ಬಾಗಲಕೋಟೆ ಕಡೆಯಿಂದ ಬಂದು ಆರು ತಿಂಗಳಾಗಿದ್ದ ಹುಡುಗಿಯೊಬ್ಬಳ ಗ್ರಾಫಿನಲ್ಲಿ ಹನ್ನೊಂದನೆಯ ಕ್ರೋಮೋಸೋಮಿನ ಮೇಲೆ ಚೂಪಾದ ಶಿಖರ ಎದ್ದಿತ್ತು. ಅಂದರೆ ನಾವು ಹುಡುಕುತ್ತಿದ್ದ ಗುಣ ಅಲ್ಲೇ ಇದೆ ಎಂದರ್ಥ. ಅದೂ ಅವಳ ಕೆಲಸ ಕಾಯಂ ಆಗಬೇಕಿದ್ದ ವಾರವೇ! ಅವಳು ದಿನಾ ಎಲ್ಲರಿಗಿಂತ ಮುಂಚೆ ಆಫೀಸಿಗೆ ಬರುತ್ತಿದ್ದದ್ದು ನೆನಪಾಯಿತು. ಬೊಮ್ಮನಹಳ್ಳಿಯ ಟ್ರಾಫಿಕ್ಕಿಗೆ ಹೆದರಿ ಬೇಗ ಹೊರಡುತ್ತಾಳೆ ಎಂದುಕೊಳ್ಳುವಷ್ಟು ಒಳ್ಳೆಯ ಮನಸ್ಸು ನನಗಿರಲಿಲ್ಲ; ಯಾರೂ ಇಲ್ಲದಾಗ ಅಂಕಗಳನ್ನು ತಿದ್ದಿದ್ದಾಳೆ ಎಂದೇ ಅನಿಸಿತು.

ಮೂಲ ಫೈಲು ತೆಗೆದು, ಸಾಲುಗಳನ್ನು ನಾನೇ ಕ್ರಮಕ್ಕೆ ತಂದು ಸಾಫ್ಟ್‌ವೇರಿಗೆ ಕೊಟ್ಟೆ. ಗ್ರಾಫಿನಲ್ಲಿ ಶಿಖರದ ಸುಳಿವೇ ಇಲ್ಲ.

"ಇದು ಹೆಂಗ್ ಬಂತಮ್ಮಾ?" ಎಂದು ಅವಳ ಶಿಖರ ತೋರಿಸಿ ಕೇಳಿದೆ.

"ಡೇಟಾದಾಗ ಇದ್ದದ್ದ ಬಂದೈತ್ರೀ ಸರ್."

ಆ ಮಾತು ನನಗೆ ಉದ್ಧಟತನವಾಗಿ ಕೇಳಿಸಿತು. ನೆಟ್ಟಗೆ ಮ್ಯಾನೇಜರ್ ಕೋಣೆಗೆ ಹೋಗಿ ಎರಡೂ ಗ್ರಾಫ್ ತೋರಿಸಿದೆ. "ಹಂಗಾದ್ರೆ ಕಾಯಂ ಮಾಡೋದು ಸದ್ಯಕ್ಕೆ ಬೇಡ ಬಿಡಿ," ಎಂದರು. ಹೊರಗೆ ಬರುವಾಗ ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರು ದಿನದ ನಂತರ ಇನ್ನೇನಕ್ಕೋ ಅದೇ ಫೈಲು ತೆರೆದೆ. ಸಾಲುಗಳನ್ನು ಕ್ರಮಕ್ಕೆ ತರುವಾಗ ನಾನು ಮೊದಲ ಮೂರು ಕಾಲಂಗಳನ್ನಷ್ಟೇ ಆಯ್ದಿದ್ದೆ. ಜಾಗಗಳೆಲ್ಲ ಮೇಲೆ ಕೆಳಗೆ ಸರಿದಿದ್ದವು, ಅಂಕಗಳು ಇದ್ದಲ್ಲೇ ಉಳಿದಿದ್ದವು. ಬೀದಿಯ ಮನೆ ನಂಬರುಗಳನ್ನೆಲ್ಲ ಅದಲು ಬದಲು ಮಾಡಿ ಜನರನ್ನು ಮಾತ್ರ ಹಾಗೇ ಬಿಟ್ಟಂತೆ. ಮೂಲ ಫೈಲಿನಿಂದ ನಾಲ್ಕೂ ಕಾಲಂ ಸೇರಿಸಿ ಮತ್ತೆ ಮಾಡಿದೆ. ಅವಳು ತೋರಿಸಿದ್ದ ಜಾಗದಲ್ಲೇ ಶಿಖರ ಎದ್ದು ನಿಂತಿತು.

ಕ್ಯಾಂಟೀನಿನಲ್ಲಿ ಒಬ್ಬಳೇ ಊಟ ಮಾಡುತ್ತಿದ್ದಳು. ಎದುರಿಗೆ ಕೂತು ತಗ್ಗಿದ ದನಿಯಲ್ಲಿ ಎಲ್ಲ ಹೇಳಿ, "ತಪ್ಪು ನಂದೇ ಕಣಮ್ಮಾ," ಎಂದೆ.

"ಅನುಮಾನ ಬಂದಾಗ ಸೀದಾ ಮ್ಯಾನೇಜರ್ ಕಡೆ ಹೋದ್ರಿ," ಎಂದಳು. "ಈಗ ಯಾಕ್ರೀ ಸರ್ ನನ್ನ ಕಡೆ ಬಂದೀರಿ?"

ಉತ್ತರ ನನ್ನಲ್ಲಿತ್ತು. ಅವಳು 'ಇರಲಿ ಬಿಡ್ರಿ' ಅಂದುಬಿಟ್ಟರೆ ಮ್ಯಾನೇಜರ್ ಎದುರು ತಲೆ ತಗ್ಗಿಸುವುದು ತಪ್ಪುತ್ತದೆ ಎಂಬ ಆಸೆಯಿಂದಲೇ ಬಂದಿದ್ದೆ. ಹೇಳಲು ನಾಚಿಕೆಯಾಯಿತು. ಎದ್ದು ಮ್ಯಾನೇಜರ್ ಕೋಣೆಯ ಕಡೆ ನಡೆದೆ.

ಬಾಗಿಲು ತಟ್ಟುವಾಗ ತಿರುಗಿ ನೋಡಿದರೆ, ಅವಳು ಊಟ ಅರ್ಧಕ್ಕೇ ಬಿಟ್ಟು ನನ್ನ ಹಿಂದೆಯೇ ಬಂದು ನಿಂತಿದ್ದಳು. ನಾನು ಒಳಗೆ ಏನು ಹೇಳುತ್ತೇನೋ ತನ್ನ ಕಿವಿಯಿಂದಲೇ ಕೇಳಬೇಕಿತ್ತು ಅವಳಿಗೆ.